ಅಟ್ಟದ ಕೊಬ್ಬರಿ, ಅಮೆರಿಕದ ಸುಂಕ

‘ಅಮೆರಿಕದ ಸಾಮ್ರಾಜ್ಯ ವಿಸ್ತರಣೆಯ ಕಾರಣಗಳನ್ನೂ ಪರಿಣಾಮಗಳನ್ನೂ ವಿವರಿಸಿ.’ ಪದವಿ ಪರೀಕ್ಷೆಯಲ್ಲಿ ಈ ಹತ್ತು ಅಂಕದ ಪ್ರಶ್ನೆಗೆ ಉರು ಹೊಡೆದದ್ದನ್ನು ಬರೆದು, ಹೊರಗೆ ಬರುವಷ್ಟರಲ್ಲಿ ಮರೆತಿದ್ದೆ. ಈಗ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವಾಗ ಅದೇ ಪಾಠ ಮತ್ತೆ ಎದುರಾಯಿತು. ಈ ಸಲ ಒಂದು ಪದ ನನ್ನನ್ನು ಹಿಡಿದು ನಿಲ್ಲಿಸಿತು: ‘ಕೋಪ್ರಾ’. ಅರೆ, ನಮ್ಮ ಕೊಬ್ಬರಿ! ಮಲಯಾಳದ ‘ಕೊಪ್ಪರ’ ಪೋರ್ಚುಗೀಸರ ಬಾಯಿಗೆ ಬಿದ್ದು ಇಂಗ್ಲಿಷಿಗೆ ಹೋದ ಪದ ಅದು.

ತುರುವೇಕೆರೆ ಕಡೆಯ ನಮ್ಮೂರಲ್ಲಿ ಕೊಬ್ಬರಿಯೇ ಬ್ಯಾಂಕು. ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು, ನೀರು ಇಂಗಿ, ಅಲ್ಲಾಡಿಸಿದರೆ ಒಳಗೆ ಗಿಟುಕು ಸದ್ದು ಮಾಡುವವರೆಗೆ ಮನೆಯ ಮದುವೆ, ಸಾಲ ಎಲ್ಲವೂ ಕಾಯಬೇಕು. ನನ್ನ ಕೋಚಿಂಗ್ ಫೀಸೂ ಸದ್ಯ ಅಟ್ಟದ ಮೇಲೇ ಇದೆ. ಹಾಗಾಗಿ ಪಾಠವನ್ನು ಕೊಬ್ಬರಿಯ ಜಾಡು ಹಿಡಿದು ಓದಿದೆ.

19ನೇ ಶತಮಾನದ ಕೊನೆಗೆ ಅಮೆರಿಕದ ಕಾರ್ಖಾನೆಗಳಿಗೆ ಹೊಸ ಮಾರುಕಟ್ಟೆ, ಕಚ್ಚಾವಸ್ತು ಬೇಕಿತ್ತು. ಸಾಗರದ ಮೇಲೆ ಹಿಡಿತವಿದ್ದವನೇ ದೊಡ್ಡವನು ಎಂದು ನೌಕಾಧಿಕಾರಿ ಆಲ್ಫ್ರೆಡ್ ಮಹಾನ್ 1890ರಲ್ಲೇ ಬರೆದಿದ್ದ. ಚೀನಾದ ವ್ಯಾಪಾರಕ್ಕೆ ದಾರಿಯಲ್ಲಿ ಹಡಗುಕಟ್ಟೆಗಳು ಬೇಕಿದ್ದವು. ‘ಹಿಂದುಳಿದವರನ್ನು ಉದ್ಧರಿಸುತ್ತೇವೆ’ ಎಂಬ ಮಾತು ಇದಕ್ಕೆಲ್ಲ ಹೊದಿಕೆ. 1898ರಲ್ಲಿ ಸ್ಪೇನನ್ನು ಸೋಲಿಸಿದ ಅಮೆರಿಕ ಪೋರ್ಟೊರಿಕೊ, ಗುವಾಮ್ ಪಡೆಯಿತು. 2 ಕೋಟಿ ಡಾಲರ್ ಕೊಟ್ಟು ಫಿಲಿಪ್ಪೀನ್ಸನ್ನೂ ತನ್ನದಾಗಿಸಿಕೊಂಡಿತು. ಫಿಲಿಪಿನೊ ನಾಯಕ ಅಗಿನಾಲ್ಡೊ ಅದೇ ಜೂನ್ 12ರಂದು ಸ್ವಾತಂತ್ರ್ಯ ಘೋಷಿಸಿದ್ದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಮರುವರ್ಷ ಶುರುವಾದ ಯುದ್ಧದಲ್ಲಿ ಹಿಂಸೆ, ಹಸಿವು, ರೋಗಗಳಿಗೆ ಬಲಿಯಾದ ನಾಗರಿಕರ ಸಂಖ್ಯೆ 2 ಲಕ್ಷದವರೆಗೆ ಇರಬಹುದೆಂಬುದು ಇತಿಹಾಸಕಾರರ ಅಂದಾಜು.

ಆಮೇಲೆ ಬಂದದ್ದು ವ್ಯಾಪಾರ. 1909ರ ಸುಂಕ ಕಾಯ್ದೆ ಫಿಲಿಪ್ಪೀನ್ಸ್ ಸರಕಿಗೆ ಅಮೆರಿಕದ ಬಾಗಿಲು ತೆರೆಯಿತು. ಸೋಪಿಗೆ, ಮಾರ್ಗರೀನಿಗೆ ಕೊಬ್ಬರಿ ಎಣ್ಣೆ ಬೇಕು. ಮೊದಲ ಮಹಾಯುದ್ಧ ಬಂದಾಗ ಸಿಡಿಮದ್ದಿನ ಗ್ಲಿಸರಿನ್‌ಗೂ ಅದೇ ಎಣ್ಣೆ ಬೇಕಾಯಿತು. ದ್ವೀಪಗಳಲ್ಲಿ ತೆಂಗಿನ ತೋಟ ಹಬ್ಬಿತು, ಎಣ್ಣೆ ಗಿರಣಿಗಳು ಎದ್ದವು. ಕೊಳ್ಳುವವನು ಮಾತ್ರ ಹೆಚ್ಚುಕಡಿಮೆ ಒಬ್ಬನೇ.

1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕದ ಹೈನುಗಾರರೂ ಹತ್ತಿಬೀಜದ ಎಣ್ಣೆಯವರೂ ಈ ಅಗ್ಗದ ಎಣ್ಣೆಯ ವಿರುದ್ಧ ಎದ್ದರು. 1934ರಲ್ಲಿ ಫಿಲಿಪ್ಪೀನ್ಸ್ ಕೊಬ್ಬರಿ ಎಣ್ಣೆಯ ಮೇಲೆ ಪೌಂಡಿಗೆ 3 ಸೆಂಟ್ ತೆರಿಗೆ ಬಿತ್ತು. ಅದೇ ವರ್ಷ, ಹತ್ತು ವರ್ಷಗಳ ನಂತರ ಸ್ವಾತಂತ್ರ್ಯ ಕೊಡುವ ಕಾಯ್ದೆಯೂ ಬಂತು. ಅದಕ್ಕೆ ಒತ್ತಾಯಿಸಿದವರಲ್ಲಿ ಅಮೆರಿಕದ ಈ ರೈತ ಗುಂಪುಗಳೂ ಇದ್ದವು. ವಸಾಹತು ಹೊರಗಿನ ದೇಶವಾದರೆ ಅದರ ಸರಕಿಗೆ ಪೂರ್ತಿ ಸುಂಕ ಹಾಕಬಹುದಲ್ಲ! ಕೊನೆಗೆ 1946ರಲ್ಲಿ ಸ್ವಾತಂತ್ರ್ಯ ಬಂದಾಗಲೂ, ಅಲ್ಲಿನ ಗಣಿ, ಕಾಡು, ಭೂಮಿಯಲ್ಲಿ ಅಮೆರಿಕನ್ನರಿಗೆ ಸಮಾನ ಹಕ್ಕು ಬೇಕೆಂಬ ಷರತ್ತು ವ್ಯಾಪಾರ ಒಪ್ಪಂದದೊಂದಿಗೇ ಬಂತು.

ಕಾಯಿ ಸುಲಿಯುತ್ತಿದ್ದ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಮಚ್ಚು ಕೆಳಗಿಟ್ಟು ಕೇಳಿದರು: ‘ಕೊಳ್ಳೋನು ಒಬ್ನೇ ಆದ್ರೆ ರೇಟು ಅವನದೇ ಕಣಮ್ಮ. ಅದಿರಲಿ, ತೆರಿಗೆ ಹಾಕೋ ಜಾಗದಲ್ಲಿ ಅವರ ಕಡೆಯೋರು ಯಾರೂ ಇರ್ಲಿಲ್ವಾ?’

ಇದ್ದರು. ಅಮೆರಿಕದ ಸಂಸತ್ತಿನಲ್ಲಿ ಫಿಲಿಪ್ಪೀನ್ಸಿನ ಇಬ್ಬರು ಪ್ರತಿನಿಧಿಗಳಿಗೆ ಮಾತಾಡುವ ಅವಕಾಶವಿತ್ತು, ಮತ ಹಾಕುವ ಹಕ್ಕಿರಲಿಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆಯ ಹರಾಜು ಅದಕ್ಕಿಂತ ಎಷ್ಟೋ ಕೆಳಗಿತ್ತು. ಆಗ ತಿಪಟೂರಿನಲ್ಲಿ ನಡೆದ ಧರಣಿಗೆ ಅಪ್ಪನೂ ಹೋಗಿದ್ದರು. ಬೆಂಬಲ ಬೆಲೆಯ ಮೇಲೆ ರಾಜ್ಯದ ಪ್ರೋತ್ಸಾಹಧನ ಸೇರಿತು. ಸಿಕ್ಕಿದ್ದು ಕೇಳಿದ್ದಕ್ಕಿಂತ ಕಡಿಮೆಯೇ. ಆದರೆ ಕೂಗಿದವರ ಕೈಯಲ್ಲಿ ಓಟಿತ್ತು, ಆ ಕೂಗನ್ನು ಕೇಳಿಸಿಕೊಳ್ಳಲೇಬೇಕಿತ್ತು.

ಸಾಮ್ರಾಜ್ಯ ಎಂದರೆ ಬಾವುಟ, ಹಡಗು, ಯುದ್ಧ ಎಂದುಕೊಂಡಿದ್ದೆ. ನನ್ನ ಬೆಳೆಯ ಬೆಲೆಯನ್ನು ನನಗೆ ಮತವಿಲ್ಲದ ಊರಲ್ಲಿ ನಿರ್ಧರಿಸುವುದೂ ಸಾಮ್ರಾಜ್ಯವೇ ಎಂದು ಈಗ ಅರ್ಥವಾಗಿದೆ. ಗೆಳೆಯರೇ, ಇತಿಹಾಸದ ‘ಪರಿಣಾಮಗಳು’ ಉರು ಹೊಡೆದರೆ ಮರೆತುಹೋಗುತ್ತವೆ. ನಿಮ್ಮೂರಲ್ಲೂ ಅಡಿಕೆಯೋ, ರಾಗಿಯೋ, ರೇಷ್ಮೆಯೋ ಇದ್ದೇ ಇರುತ್ತದೆ. ಅದರ ಬೆಲೆ ಎಲ್ಲಿ, ಯಾರಿಂದ ತೀರ್ಮಾನವಾಗುತ್ತದೆ ಎಂದು ಕೇಳಿಕೊಂಡು ಓದಿ ನೋಡಿ.

ಅಪ್ಪ ಈ ಸಲ ಅರ್ಧ ಕೊಬ್ಬರಿ ಮಾರಿ, ಅರ್ಧ ಅಟ್ಟದಲ್ಲೇ ಇಡುತ್ತಾರಂತೆ. ಫೀಸಿನ ಮೊದಲ ಕಂತಿಗೆ ಅಷ್ಟು ಸಾಕು.