ಊಲಾಂಗ್ ಚಹಾ: ಮೂಸಿ ನೋಡಿ, ಕುಡಿದು ನೋಡಿ, ಆಮೇಲೆ ಕೊಳ್ಳಿ

ಕಾಫಿ ಪುಡಿ ವಿಷಯದಲ್ಲಿ ನಮ್ಮ ಹೆಂಗಸರಿಗೆ ಮೋಸ ಮಾಡೋದು ಸುಲಭವಲ್ಲ. ಪೀಬೆರಿ ಎಷ್ಟು, ಪ್ಲಾಂಟೇಷನ್ ಎಷ್ಟು, ಚಿಕೋರಿ ಎಷ್ಟು ಅಂತ ಎದುರಿಗೇ ನಿಂತು ಹೇಳಿ, ಬಿಸಿಬಿಸಿ ಪುಡಿ ಮಾಡಿಸಿಕೊಂಡು ಬರುವವರು ನಾವು. ಅದೇ ಚಹಾ ಅಂದ ಕೂಡಲೇ ಸೂಪರ್ ಮಾರ್ಕೆಟ್‌ನಲ್ಲಿ ಕೈಗೆ ಸಿಕ್ಕ ಪ್ಯಾಕೆಟ್ ಬುಟ್ಟಿಗೆ ಬೀಳುತ್ತೆ. ಈಗ ಬೆಂಗಳೂರಿನಂಥ ಊರುಗಳಲ್ಲಿ ಬಗೆಬಗೆಯ ಚಹಾ ಎಲೆಯನ್ನೇ ತೂಗಿ ಮಾರುವ ಪುಟ್ಟ ಅಂಗಡಿಗಳಿವೆ. ಅಲ್ಲಿ ‘ಊಲಾಂಗ್’ ಅನ್ನೋ ಹೆಸರು ಕಂಡರೆ, ಬೆಲೆ ನೋಡಿ ಹೌಹಾರುವ ಮುಂಚೆ ಸ್ವಲ್ಪ ವಿಚಾರಿಸಿ.

ಏನಿದು ಊಲಾಂಗ್?

ಬೇರೆ ಗಿಡವೇನಲ್ಲ, ಅದೇ ಚಹಾ ಗಿಡದ ಎಲೆ. ಬದನೆಕಾಯಿ ಹೆಚ್ಚಿಟ್ಟರೆ ಗಾಳಿ ತಾಗಿ ಕಪ್ಪಾಗುತ್ತಲ್ಲ, ಚಹಾ ಎಲೆಯೂ ಹಾಗೆಯೇ. ಪೂರ್ತಿ ಕಪ್ಪಾಗಲು ಬಿಟ್ಟರೆ ನಾವು ದಿನಾ ಕುಡಿಯುವ ಚಹಾ, ಶುರುವಲ್ಲೇ ತಡೆದರೆ ಗ್ರೀನ್ ಟೀ. ಎಲೆಯನ್ನು ಬಾಡಿಸಿ, ಅಂಚು ನಲುಗಿಸಿ, ನಡುವೆ ಎಲ್ಲೋ ಬಿಸಿ ಮಾಡಿ ನಿಲ್ಲಿಸಿದರೆ ಊಲಾಂಗ್. ಚೀನಾದ ಫುಜಿಯಾನ್ ಪ್ರಾಂತ್ಯ ಮತ್ತು ತೈವಾನ್ ಇದಕ್ಕೆ ಹೆಸರುವಾಸಿ. ನಮ್ಮ ಡಾರ್ಜಿಲಿಂಗ್, ನೀಲಗಿರಿಯಲ್ಲೂ ಮಾಡುತ್ತಾರೆ. ಊಟಿಗೆ ಹೋದಾಗ ಕೂನೂರಿನ ಕಡೆ ವಿಚಾರಿಸಬಹುದು.

ಅಂಗಡಿಯಲ್ಲಿ ಸಂಕೋಚ ಬೇಡ

ಸಣ್ಣ ಅಂಗಡಿಗೆ ಹೋಗುವುದರ ಲಾಭವೇ ಕೇಳುವುದು. ಯಾವ ಊರಿನ ಎಲೆ, ಯಾವ ವರ್ಷ ಕಿತ್ತದ್ದು, ಹುರಿದದ್ದೋ ಹುರಿಯದ್ದೋ? ಈ ಮೂರು ಪ್ರಶ್ನೆ ಸಾಕು. ಉತ್ತರ ಗೊತ್ತಿಲ್ಲದೆ ‘ಎಲ್ಲಾ ಇಂಪೋರ್ಟೆಡ್ ಮೇಡಂ’ ಅಂದರೆ ನಮಸ್ಕಾರ ಹೇಳಿ ಬನ್ನಿ.

ಹಸಿರು ಬಣ್ಣದ, ಹೂವಿನ ಪರಿಮಳದ ಬಗೆ ಹಳತಾದಷ್ಟೂ ಸಪ್ಪೆ. ಚೆನ್ನಾಗಿ ಹುರಿದ ಕಂದು ಎಲೆ ಹೆಚ್ಚು ದಿನ ಬಾಳುತ್ತದೆ. ಡಬ್ಬಿ ತೆಗೆಸಿ ಮೂಸಿ ನೋಡಿ. ತಳದಲ್ಲಿ ಬರೀ ಪುಡಿ ಇದ್ದರೆ ಬೇಡ. ಬಿಸಿಲು ಬೀಳುವ ಜಾಗದಲ್ಲಿ ಗಾಜಿನ ಜಾಡಿಯಲ್ಲಿಟ್ಟದ್ದೂ ಬೇಡ, ನೋಡೋಕೆಷ್ಟೇ ಚೆಂದ ಇರಲಿ. ‘ಮಿಲ್ಕ್ ಊಲಾಂಗ್’ ಅಂತ ಒಂದಿದೆ. ತೈವಾನ್‌ನ ಜಿನ್ ಶುವಾನ್ ತಳಿಗೆ ಸಹಜವಾಗಿಯೇ ನವಿರಾದ ಹಾಲಿನ ಘಮ. ಮುಚ್ಚಳ ತೆಗೆದ ಕೂಡಲೇ ಮಿಠಾಯಿ ಅಂಗಡಿಯ ವಾಸನೆ ಹೊಡೆದರೆ, ಅದು ಬೆರೆಸಿದ ಸುವಾಸನೆ ಇರಬೇಕು.

ಮೊದಲ ಸಲ 25 ಗ್ರಾಂ ಸಾಕು. ಒಂದು ಕಪ್ ಮಾಡಿಕೊಟ್ಟರೆ ಕುಡಿದೇ ಕೊಳ್ಳಿ. ಪ್ಯಾಕೆಟ್ ಆದರೆ 14 ಅಂಕಿಯ ಎಫ್ಎಸ್ಎಸ್ಎಐ ಸಂಖ್ಯೆ, ಪ್ಯಾಕ್ ಮಾಡಿದ ದಿನಾಂಕ ಎರಡೂ ನೋಡಿ.

ದುಬಾರಿಯಾಯ್ತಲ್ಲಾ ಅಂತೀರಾ? ಲೆಕ್ಕ ಹಾಕಿ. 50 ಗ್ರಾಂಗೆ 500 ರೂಪಾಯಿ ಅಂತಿಟ್ಟುಕೊಳ್ಳಿ. ಸಲಕ್ಕೆ 3 ಗ್ರಾಂ ಹಾಕಿದರೆ 16 ಸಲ ಬರುತ್ತದೆ. ಒಳ್ಳೆಯ ಎಲೆಗೆ ಮೂರು ಸಲ ಬಿಸಿನೀರು ಹಾಕಿಯೂ ರುಚಿ ಉಳಿಯುತ್ತದೆ. ಅಂದ್ರೆ ಸುಮಾರು 48 ಕಪ್, ಕಪ್ಪಿಗೆ ಹತ್ತು ರೂಪಾಯಿ ಚಿಲ್ಲರೆ. ಪುಡಿಯಾದ ಅಗ್ಗದ ಎಲೆ ಒಂದೇ ಕಪ್ಪಿಗೆ ಖತಂ!

ತೂಕ ಇಳಿಸುವ ಮಾತಿಗೆ ಮರುಳಾಗಬೇಡಿ

‘ಒಂದು ತಿಂಗಳು ಕುಡೀರಿ, ಐದು ಕೆ.ಜಿ. ಇಳಿಯುತ್ತೆ’ ಅಂತ ಮಾರುವವರಿದ್ದಾರೆ. ಊಟ, ನಡಿಗೆ ಬದಲಾಗದೆ ಬರೀ ಚಹಾದಿಂದ ಹಾಗಾಗುವುದಿಲ್ಲ. ‘ಸ್ಲಿಮ್ಮಿಂಗ್ ಟೀ’ ಅಂತ ಬರುವ ಕೆಲವು ಮಿಶ್ರಣಗಳಲ್ಲಿ ಭೇದಿ ಮಾಡಿಸುವ ಸೋನಾಮುಖಿ ಎಲೆ ಇರುತ್ತದೆ. ಇಳಿಯುವುದು ಮೈಯ ನೀರೇ ಹೊರತು ಕೊಬ್ಬಲ್ಲ. ದಿನಾ ಕುಡಿದರೆ ಲವಣಾಂಶ ಏರುಪೇರಾಗಿ ನಿತ್ರಾಣವಾಗುವುದೂ ಉಂಟು. ಲೇಬಲ್‌ನಲ್ಲಿ ‘ಸೆನ್ನಾ’ ಅಂತಿದೆಯಾ ಅಂತ ಓದಿ.

ಇನ್ನೊಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ. ಯಾವುದೇ ಚಹಾ ಊಟದ ಜೊತೆ ಹೋದರೆ ಸೊಪ್ಪು, ಕಾಳಿನಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಊಟವಾಗಿ ಒಂದು ಗಂಟೆ ಬಿಟ್ಟು ಕುಡಿಯಿರಿ. ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಲೇಬೇಡಿ. ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಕುಡಿಯಲಿ, ಇದರಲ್ಲೂ ಕೆಫೀನ್ ಇದೆ.

ಮಾಡುವುದು ಹೀಗೆ

ಕುದಿಸಬೇಡಿ, ಹಾಲು-ಸಕ್ಕರೆಯೂ ಬೇಡ. ನೀರು ಕುದಿದ ಮೇಲೆ ಒಂದು ನಿಮಿಷ ಬಿಟ್ಟು, ಒಂದು ಚಮಚ ಎಲೆಗೆ ಒಂದು ಲೋಟ ನೀರು ಸುರಿದು ಮುಚ್ಚಿ. ಮೂರು ನಿಮಿಷಕ್ಕೆ ಸೋಸಿ. ಉಂಡೆಯಾಗಿ ಸುತ್ತಿಕೊಂಡ ಎಲೆ ಬಿಚ್ಚಿಕೊಳ್ಳುವುದು ನೋಡಲೂ ಸೊಗಸು. ಮನೆಯವರು ‘ಏನಿದು ಬಣ್ಣದ ನೀರು’ ಅಂದರೆ ಅವರಿಗೆ ಎಂದಿನ ಕಾಫಿ ಕೊಟ್ಟುಬಿಡಿ!

ಡಬ್ಬಿಯನ್ನು ಸಾರಿನ ಪುಡಿ, ಇಂಗಿನ ಪಕ್ಕ ಇಡಬೇಡಿ. ಚಹಾ ಎಲೆ ವಾಸನೆ ಹೀರುವುದರಲ್ಲಿ ನಿಸ್ಸೀಮ. ಕುಡಿದು ಉಳಿದ ಎಲೆಯನ್ನು ತಣ್ಣಗಾದ ಮೇಲೆ ಕಾಂಪೋಸ್ಟ್ ಬುಟ್ಟಿಗೆ ಹಾಕಿ. ಹಾಲು, ಸಕ್ಕರೆ ಸೋಕಿರದ ಕಾರಣ ಇರುವೆ ಕಾಟವೂ ಇರಲ್ಲ.