ಎವೆಯಿಕ್ಕದೆ ನೋಡುವ ಕಣ್ಣಿನ ಉರಿ

ದಿನವಿಡೀ ಕಂಪ್ಯೂಟರ್ ಮುಂದೆ ಕೂತವರಿಗೆ ಸಂಜೆಯಾಗುತ್ತಲೇ ಕಣ್ಣು ಉರಿ, ಮರಳು ಬಿದ್ದ ಹಾಗೆ ಕಿರಿಕಿರಿ. ಮನೆಯಲ್ಲಿ ಹೇಳಿಕೊಂಡರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಉಷ್ಣ ಆಗಿದೆ, ನೆತ್ತಿಗೆ ಹರಳೆಣ್ಣೆ ಹಾಕ್ಕೋ.’ ಎಣ್ಣೆ ಹಾಕಿಸಿಕೊಂಡು ಅರ್ಧ ಗಂಟೆ ಕಣ್ಣು ಮುಚ್ಚಿ ಕೂತರೆ ಹಾಯೆನಿಸುವುದು ನಿಜ. ಆದರೆ ಉರಿ ಇಳಿಸಿದ್ದು ಮುಚ್ಚಿದ ರೆಪ್ಪೆ, ನೆತ್ತಿಯ ಎಣ್ಣೆಯಲ್ಲ.

ಕಣ್ಣಿನ ಮೇಲೆ ಸದಾ ಕಣ್ಣೀರಿನ ತೆಳು ಪೊರೆಯೊಂದು ಹರಡಿರುತ್ತದೆ. ಅದರ ಬಹುಭಾಗ ನೀರು. ಆ ನೀರು ಆರಿಹೋಗದಂತೆ ಮೇಲೊಂದು ಎಣ್ಣೆಯ ಪದರ. ಈ ಎಣ್ಣೆ ರೆಪ್ಪೆಯಂಚಿನ ಸಣ್ಣ ಗ್ರಂಥಿಗಳಿಂದ ಬರುತ್ತದೆ. ಮಿಟುಕಿಸಿದಾಗಲೆಲ್ಲ ರೆಪ್ಪೆ ಈ ಪೊರೆಯನ್ನು ಹೊಸದಾಗಿ ಬಳಿಯುತ್ತದೆ. ಸುಮ್ಮನಿದ್ದಾಗ ನಾವು ನಿಮಿಷಕ್ಕೆ ಸುಮಾರು 15ರಿಂದ 20 ಸಲ ಮಿಟುಕಿಸುತ್ತೇವೆ. ಪರದೆಯಲ್ಲಿ ಗಮನ ನೆಟ್ಟರೆ ಅದು ಅರ್ಧಕ್ಕೆ, ಕೆಲವರಲ್ಲಿ ಅದಕ್ಕೂ ಕೆಳಗೆ ಇಳಿಯುತ್ತದೆ. ಮಿಟುಕಿಸಿದರೂ ಎಷ್ಟೋ ಸಲ ಮೇಲಿನ ರೆಪ್ಪೆ ಕೆಳಗಿನದನ್ನು ಮುಟ್ಟದೆ ಅರ್ಧಕ್ಕೇ ಮೇಲೇಳುತ್ತದೆ, ಕಣ್ಣಿನ ಕೆಳಭಾಗ ಒಣಗಿಯೇ ಉಳಿಯುತ್ತದೆ. ಉರಿ ಹುಟ್ಟುವುದು ಅಲ್ಲಿ. ಹಾಗಾಗಿ ಒಂದು ಪುಟ ಮುಗಿದಾಗ, ಒಂದು ಮೇಲ್ ಕಳಿಸಿದಾಗ, ಎರಡೂ ರೆಪ್ಪೆ ಕೂಡುವಂತೆ ನಿಧಾನವಾಗಿ ನಾಲ್ಕೈದು ಸಲ ಕಣ್ಣು ಮುಚ್ಚಿ ತೆರೆಯುವುದನ್ನು ರೂಢಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕಾಸಿಲ್ಲದ ಈ ಉಪಾಯವನ್ನೇ ಜನ ಕೊನೆಗೆ ಮಾಡುತ್ತಾರೆ.

‘ನನ್ನ ಕಣ್ಣಲ್ಲಿ ನೀರು ಸುರಿಯುತ್ತೆ, ಒಣಗೋದೆಲ್ಲಿ ಬಂತು?’ ಎಂದು ಕೇಳುವವರಿದ್ದಾರೆ. ಒಣಗಿದ್ದಕ್ಕೇ ಆ ನೀರು. ಮೇಲ್ಮೈ ಕೆರಳಿದಾಗ ಕಣ್ಣೀರ ಗ್ರಂಥಿ ಒಮ್ಮೆಲೇ ನೀರು ಸುರಿಸುತ್ತದೆ, ಈರುಳ್ಳಿ ಹೆಚ್ಚುವಾಗ ಆಗುವ ಹಾಗೆ. ಅದು ಕಣ್ಣಿನ ಮೇಲೆ ನಿಲ್ಲದೆ ಕೆನ್ನೆಗೆ ಇಳಿದುಹೋಗುತ್ತದೆ.

ಮಾನಿಟರ್ ಎತ್ತರದಲ್ಲಿದ್ದಷ್ಟೂ ಒಳ್ಳೆಯದೆಂದು ದಪ್ಪ ಪುಸ್ತಕಗಳ ಮೇಲೆ ಏರಿಸಿಟ್ಟುಕೊಳ್ಳುವುದೂ ತಪ್ಪೇ. ಮೇಲಕ್ಕೆ ನೋಡುವಾಗ ಕಣ್ಣು ಅಗಲವಾಗಿ ತೆರೆದುಕೊಂಡು ಬೇಗ ಒಣಗುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗಿರಲಿ. ದೂರ ಒಂದು ತೋಳಿನಷ್ಟು, ಅಂದರೆ 50ರಿಂದ 70 ಸೆಂಟಿಮೀಟರ್. ಫ್ಯಾನ್ ಅಥವಾ ಎಸಿ ಗಾಳಿ ನೇರ ಮುಖಕ್ಕೆ ಬಡಿಯುತ್ತಿದ್ದರೆ ಮೊದಲು ಅದನ್ನು ತಿರುಗಿಸಿ.

ಇನ್ನು ನೀಲಿ ಬೆಳಕು. ಕನ್ನಡಕದಂಗಡಿಯಲ್ಲಿ ‘ಬ್ಲೂ ಕಟ್’ ಗಾಜು ಮಾರುವಾಗ ಪುಟ್ಟ ನೀಲಿ ಟಾರ್ಚ್ ಹಿಡಿದು ತೋರಿಸುತ್ತಾರೆ. ಮಾಮೂಲಿ ಗಾಜಿನ ಮೂಲಕ ನೀಲಿ ಚುಕ್ಕೆ ಕಾರ್ಡಿನ ಮೇಲೆ ಬೀಳುತ್ತದೆ, ಇನ್ನೊಂದು ಗಾಜು ಅಡ್ಡ ಹಿಡಿದರೆ ಮಾಯ. ಪ್ರಯೋಗ ಸುಳ್ಳಲ್ಲ, ಗಾಜು ಆ ಬೆಳಕನ್ನು ತಡೆದದ್ದು ನಿಜ. ಆದರೆ ಕಣ್ಣು ದಣಿಯುವುದು ಆ ಬೆಳಕಿನಿಂದಲೇ ಎಂಬುದನ್ನು ಆ ಕಾರ್ಡು ತೋರಿಸುವುದಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್ ಸಂಸ್ಥೆ 2023ರಲ್ಲಿ ಇಂಥ ಕನ್ನಡಕದ ಮೇಲಿನ 17 ಪ್ರಯೋಗಗಳನ್ನು ಪರಿಶೀಲಿಸಿತು. ಕಂಪ್ಯೂಟರ್ ಕೆಲಸದ ಕಣ್ಣಿನ ದಣಿವನ್ನು ಈ ಕನ್ನಡಕ ಮಾಮೂಲಿ ಕನ್ನಡಕಕ್ಕಿಂತ ಹೆಚ್ಚು ಇಳಿಸುವ ಸಂಭವ ಕಡಿಮೆ ಎಂಬುದು ಅದರ ತೀರ್ಮಾನ. ಅಮೆರಿಕದ ನೇತ್ರತಜ್ಞರ ಅಕಾಡೆಮಿಯೂ ಇದನ್ನು ಶಿಫಾರಸು ಮಾಡುವುದಿಲ್ಲ. ಹಗಲು ಹೊರಗೆ ನಿಂತರೆ ಆಕಾಶದಿಂದ ಬರುವ ನೀಲಿ ಬೆಳಕಿನ ಮುಂದೆ ಮಾನಿಟರಿನದು ಬಹಳ ಅಲ್ಪ. ರಾತ್ರಿ ತಡವಾಗಿ ಪರದೆ ನೋಡಿದರೆ ನಿದ್ದೆ ಕೆಡುವುದು ಬೇರೆ ವಿಷಯ, ಅದಕ್ಕೆ ಪರದೆ ಆರಿಸುವುದೇ ದಾರಿ. ಬ್ಲೂ ಕಟ್ ಗಾಜಿಗೆಂದು ಹೆಚ್ಚಿನ ದುಡ್ಡು ಕೇಳಿದರೆ ಧೈರ್ಯವಾಗಿ ಬೇಡವೆನ್ನಿ.

ಡಾರ್ಕ್ ಮೋಡ್ ಕಣ್ಣಿಗೆ ತಂಪು ಎನ್ನುವುದೂ ಎಲ್ಲರ ಮಟ್ಟಿಗೆ ನಿಜವಲ್ಲ. ಬೆಳಕಿರುವ ಕೋಣೆಯಲ್ಲಿ ಬಿಳಿ ಹಿನ್ನೆಲೆಯ ಕಪ್ಪಕ್ಷರವೇ ಹೆಚ್ಚು ಸ್ಪಷ್ಟ, ಏಕೆಂದರೆ ಪಾಪೆ ಕಿರಿದಾಗಿ ಬಿಂಬ ಚೂಪಾಗುತ್ತದೆ. ಕನ್ನಡಕದಲ್ಲಿ ಸಿಲಿಂಡರ್ ಪವರ್ ಇರುವವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರ ಚೆದುರಿದಂತೆ ಕಾಣುತ್ತದೆ. ಪರದೆಯ ಪಕ್ಕ ಒಂದು ಬಿಳಿ ಹಾಳೆ ಹಿಡಿದು ನೋಡಿ. ಪರದೆ ದೀಪದಂತೆ ಹೊಳೆದರೆ ಬ್ರೈಟ್‌ನೆಸ್ ತಗ್ಗಿಸಿ, ಮಂಕಾಗಿ ಕಂಡರೆ ಏರಿಸಿ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡ ತೊಂದರೆ ಅಕ್ಷರದ ಗಾತ್ರ. ಇಂಗ್ಲಿಷಿಗೆ ಸಾಕಾಗುವ ಗಾತ್ರ ಕನ್ನಡಕ್ಕೆ ಸಾಲದು. ಪ ಮತ್ತು ಷ, ಬ ಮತ್ತು ಭ, ಡ ಮತ್ತು ಢ ಬೇರೆಯಾಗುವುದು ಒಂದು ಸಣ್ಣ ಗೀರಿನಿಂದ. ಒತ್ತಕ್ಷರಗಳು ಇನ್ನೂ ಚಿಕ್ಕವು. ಪ್ರೂಫ್ ನೋಡುವವರು, ಡಿಟಿಪಿಯವರು, ನಾಡಕಚೇರಿಯಲ್ಲಿ ಅರ್ಜಿ ಟೈಪ್ ಮಾಡುವವರು ಮುಂದಕ್ಕೆ ಬಾಗಿ ಕಣ್ಣು ಕಿರಿದು ಮಾಡಿ ಓದುವುದು ಇದಕ್ಕೇ. ಕಂಟ್ರೋಲ್ ಮತ್ತು ಪ್ಲಸ್ ಒತ್ತಿ, ಬೆನ್ನು ಕುರ್ಚಿಗೆ ಆನಿಸಿಯೂ ಒತ್ತು ಸ್ಪಷ್ಟವಾಗಿ ಕಾಣುವವರೆಗೆ ದೊಡ್ಡದು ಮಾಡಿಕೊಳ್ಳಿ.

20 ನಿಮಿಷಕ್ಕೊಮ್ಮೆ, 20 ಅಡಿ ದೂರದ್ದನ್ನು, 20 ಸೆಕೆಂಡು ನೋಡುವ ನಿಯಮ ನೀವೂ ಕೇಳಿರುತ್ತೀರಿ. 1990ರ ದಶಕದಲ್ಲಿ ಇದನ್ನು ಹೇಳಿದವರು ಕ್ಯಾಲಿಫೋರ್ನಿಯಾದ ಜೆಫ್ರಿ ಆನ್ಶೆಲ್ ಎಂಬ ಕಣ್ಣಿನ ಪರೀಕ್ಷಕರು. ಸಂಖ್ಯೆಗಳು ನೆನಪಿರಲೆಂದು ಇಟ್ಟವು, ಅವುಗಳಲ್ಲಿ ಮಂತ್ರವೇನಿಲ್ಲ. 20 ಅಡಿ, ಅಂದರೆ 6 ಮೀಟರ್ ಆಚೆ ನೋಡಿದಾಗ ಹತ್ತಿರದ ನೋಟಕ್ಕಾಗಿ ಬಿಗಿಹಿಡಿದಿದ್ದ ಒಳಗಿನ ಸ್ನಾಯು ಸಡಿಲವಾಗುತ್ತದೆ. ಇನ್ನೂ ಹೆಚ್ಚು ಹೊತ್ತು ಕಿಟಕಿಯಾಚೆ ನೋಡಿದರೆ ಇನ್ನೂ ಒಳ್ಳೆಯದು. ಆದರೆ ಬಿಡುವೆಂದು ಮೊಬೈಲ್ ಕೈಗೆತ್ತಿಕೊಂಡರೆ ಅದು ಕಣ್ಣಿಗೆ ಬಿಡುವೇ ಅಲ್ಲ. ಮೊಬೈಲ್ ಮಾನಿಟರಿಗಿಂತಲೂ ಹತ್ತಿರ.

ಡ್ರಾಪ್ಸ್ ವಿಷಯದಲ್ಲಿ ನನಗೆ ನಿಜಕ್ಕೂ ಭಯವಿದೆ. ಪನ್ನೀರು, ಜೇನು, ಎಣ್ಣೆ ಯಾವುದನ್ನೂ ಕಣ್ಣಿಗೆ ಬಿಡಬೇಡಿ, ಅವು ಕ್ರಿಮಿಶುದ್ಧವಲ್ಲ. ಕೆಂಪು ಇಳಿಸುವ ಡ್ರಾಪ್ಸ್ ರಕ್ತನಾಳ ಕುಗ್ಗಿಸುತ್ತದಷ್ಟೆ, ಬಿಟ್ಟ ಮೇಲೆ ಕೆಂಪು ಇಮ್ಮಡಿಯಾಗಿ ಮರಳಬಹುದು. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ತಂದ ಸ್ಟೆರಾಯ್ಡ್ ಡ್ರಾಪ್ಸನ್ನು ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಹಾಗೆ ಹೋದ ದೃಷ್ಟಿ ವಾಪಸು ಬರುವುದಿಲ್ಲ. ಒಣಗಿದ ಕಣ್ಣಿಗೆ ಬೇಕಾದದ್ದು ಕೃತಕ ಕಣ್ಣೀರು. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನೇ ಕೇಳಿ.

ಕನ್ನಡಕ ಹಾಕಿದರೆ ನಂಬರ್ ಏರುತ್ತದೆಂದು ಮಕ್ಕಳಿಗೆ ಕಡಿಮೆ ಪವರ್ ಕೊಡಿಸುವವರು ಈಗಲೂ ಇದ್ದಾರೆ. 2002ರಲ್ಲಿ ಪ್ರಕಟವಾದ ಮಲೇಷ್ಯಾದ ಅಧ್ಯಯನದಲ್ಲಿ ಹಾಗೆ ಕಡಿಮೆ ಪವರ್ ಕೊಟ್ಟ ಮಕ್ಕಳ ಸಮೀಪದೃಷ್ಟಿಯೇ ಹೆಚ್ಚು ವೇಗವಾಗಿ ಏರಿತ್ತು. ದೊಡ್ಡವರ ತೊಂದರೆ ಬೇರೆ. ನಲವತ್ತು ದಾಟಿ ಚಾಳೀಸು ಬಂದವರು ಪ್ರೊಗ್ರೆಸಿವ್ ಗಾಜು ಹಾಕಿಸಿಕೊಂಡು, ಹತ್ತಿರದ ಪವರ್ ಇರುವ ಅದರ ಕೆಳಭಾಗದಿಂದ ಮಾನಿಟರ್ ಕಾಣಲೆಂದು ದಿನವಿಡೀ ಗಲ್ಲ ಎತ್ತಿ ಕೂರುತ್ತಾರೆ. ಕಣ್ಣಿನ ಜೊತೆ ಕತ್ತೂ ಹಿಡಿಯುತ್ತದೆ. ಕಣ್ಣಿನ ಪರೀಕ್ಷೆಗೆ ಹೋಗುವ ಮುನ್ನ, ಎಂದಿನಂತೆ ಕುರ್ಚಿಯಲ್ಲಿ ಕೂತು, ಕಣ್ಣಿನಿಂದ ಪರದೆಯವರೆಗೆ ಟೇಪ್ ಹಿಡಿದು ಅಳೆಯಿಸಿ, ಆ ಅಳತೆಯನ್ನು ಡಾಕ್ಟರಿಗೆ ಹೇಳಿ. ಪುಸ್ತಕ ಹಿಡಿಯುವ ದೂರಕ್ಕೆ ಬೇಕಾದ ಪವರ್ ಬೇರೆ, ಪರದೆಯ ದೂರಕ್ಕೆ ಬೇರೆ. ಕೆಲಸದ ಮೇಜಿಗೆಂದೇ ಇನ್ನೊಂದು ಕನ್ನಡಕ ಬರೆಸಿಕೊಳ್ಳಬಹುದು.