ಆಲಿಕಲ್ಲು ಬಿಸಿಲಿನ ಕೂಸು

ಡಿಸೆಂಬರ್ ಬಂತೆಂದರೆ ಹಂಪಿ ಬಜಾರಿಗೆ ವ್ಯಾಪಾರದ ಕಾಲ. ಬೆಳಗಿನ ಚಳಿಗೆ ತಲೆಗೆ ಮಫ್ಲರ್ ಸುತ್ತಿಕೊಂಡವರು ಎಳನೀರು, ಬಾಳೆಹಣ್ಣು ಜೋಡಿಸುತ್ತಿರುತ್ತಾರೆ. ಜನತಾ ಪ್ಲಾಟ್‌ನ ಓಣಿಗಳಲ್ಲಿ ಪ್ರವಾಸಿಗರು ಚಹಾ ಹೀರುತ್ತಾ ಮನಾಲಿಯ ಹಿಮದ ವಿಡಿಯೊ ನೋಡುತ್ತಿರುತ್ತಾರೆ. ಆಕಾಶಕ್ಕೆ ಒಂಚೂರು ಮೋಡ ಕವಿದರೆ ಸಾಕು, "ಈ ಪರಿ ಚಳಿ ಐತಲ್ಲ, ಆಲಿಕಲ್ಲು ಬಿದ್ರೂ ಬೀಳಬಹುದು" ಎಂಬ ಮಾತು ಬಂದೇ ಬರುತ್ತದೆ. ಚಳಿ ಹೆಚ್ಚಿದಷ್ಟೂ ಐಸು ಹತ್ತಿರ ಎನ್ನುವ ಈ ಲೆಕ್ಕ ಕೇಳಲು ಸರಿಯಾಗಿಯೇ ಇದೆ. ಆಕಾಶದ ಲೆಕ್ಕ ಮಾತ್ರ ಇದಕ್ಕೆ ತದ್ವಿರುದ್ಧ. ತಪ್ಪು ತಿಂಗಳಲ್ಲಿ ಹೆದರಿ, ಎಚ್ಚರಿರಬೇಕಾದ ತಿಂಗಳಲ್ಲಿ ಮೈಮರೆಯುವುದು ಈ ತಪ್ಪು ಕಲ್ಪನೆಯಿಂದಲೇ.

ತಪ್ಪು ಕಲ್ಪನೆ: ಆಲಿಕಲ್ಲು ಚಳಿಗಾಲದಲ್ಲಿ ಬೀಳುತ್ತದೆ

ಸತ್ಯ: ನಮ್ಮ ಕಡೆ ಆಲಿಕಲ್ಲಿನ ಕಾಲ ಮಾರ್ಚ್‌ನಿಂದ ಮೇ. ಬಂಡೆಗಳು ಕಾದು ಹೊಸಪೇಟೆ, ಕಂಪ್ಲಿ ಸೀಮೆಯಲ್ಲಿ ಉಷ್ಣಾಂಶ 40 ಡಿಗ್ರಿಯ ಆಸುಪಾಸಿಗೆ ಬಂದಾಗ ನೆಲದ ಮೇಲಿನ ಬಿಸಿ ಗಾಳಿ ರಭಸದಿಂದ ಮೇಲೇರುತ್ತದೆ. ಸಮುದ್ರದ ಕಡೆಯಿಂದ ಬಂದ ತೇವ ಅದಕ್ಕೆ ಸೇರಿದರೆ, ಮಧ್ಯಾಹ್ನ ಮೂರರ ನಂತರ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರಕ್ಕೂ ಮೀರಿ ಬೆಳೆಯುವ ಗುಡುಗುಮೋಡ ಕಟ್ಟುತ್ತದೆ. ಕೆಳಗೆ ನಾವು ಬೆವರುತ್ತಿದ್ದರೂ ಸುಮಾರು ಐದು ಕಿಲೋಮೀಟರ್ ಮೇಲೆ ಉಷ್ಣಾಂಶ ಸೊನ್ನೆಗೆ ಇಳಿದಿರುತ್ತದೆ. ಅದಕ್ಕೂ ಮೇಲೆ, ಸೊನ್ನೆಗಿಂತ ಎಷ್ಟೋ ಕೆಳಗಿನ ಶೀತದಲ್ಲೂ ಹೆಪ್ಪುಗಟ್ಟದೆ ತೇಲುವ ನೀರಹನಿಗಳು ಇರುತ್ತವೆ. ಐಸಿನ ಒಂದು ಸಣ್ಣ ಕಣ ಸಿಕ್ಕರೆ ಅದಕ್ಕೆ ತಗಲಿ ತಟ್ಟನೆ ಗಟ್ಟಿಯಾಗುತ್ತವೆ. ಮೇಲ್ಮುಖ ಗಾಳಿ ಎಲ್ಲಿಯವರೆಗೆ ಹೊರುತ್ತದೋ ಅಲ್ಲಿಯವರೆಗೆ ಕಲ್ಲು ಬೆಳೆಯುತ್ತದೆ, ಭಾರ ಮೀರಿದಾಗ ಬೀಳುತ್ತದೆ.

ನಾಲ್ಕೈದು ಸೆಂಟಿಮೀಟರ್ ಗಾತ್ರದ ಕಲ್ಲನ್ನು ಹಿಡಿದಿಡಲು ಗಂಟೆಗೆ ಸುಮಾರು 90 ಕಿ.ಮೀ. ವೇಗದ ಮೇಲ್ಮುಖ ಗಾಳಿ ಬೇಕು. ಅಂಥ ಗಾಳಿ ಹುಟ್ಟಿಸುವ ತಾಕತ್ತು ಬೇಸಿಗೆಯ ನೆಲಕ್ಕಿದೆ, ಡಿಸೆಂಬರ್‌ನ ನೆಲಕ್ಕಿಲ್ಲ. ಚಳಿಗಾಲದಲ್ಲಿ ನಮಗೆ ಬರುವ ಮಳೆ ಹೆಚ್ಚಾಗಿ ಬಂಗಾಳ ಕೊಲ್ಲಿಯ ಚಂಡಮಾರುತದ ಕೊಡುಗೆ. 2022ರ ಡಿಸೆಂಬರ್‌ನ ಮಾಂಡೌಸ್, 2024ರ ನವೆಂಬರ್ ಕೊನೆಯ ಫೆಂಗಲ್ ತಮಿಳುನಾಡಿನ ಕಡೆ ದಡ ಸೇರಿದಾಗ ಮೋಡ ಕರ್ನಾಟಕದ ಒಳನಾಡಿಗೂ ಹಬ್ಬಿತ್ತು. ಹಾಗೆ ಹಾಸಿಕೊಂಡ ಮೋಡ ದಿನಗಟ್ಟಲೆ ಜಿನುಗುತ್ತದೆ, ವ್ಯಾಪಾರ ಕೆಡಿಸುತ್ತದೆ. ಕಲ್ಲು ಕಟ್ಟುವಷ್ಟು ರಭಸ ಅದರೊಳಗೆ ಇರುವುದಿಲ್ಲ.

ತಪ್ಪು ಕಲ್ಪನೆ: ಕೊಡಗಿನಲ್ಲೂ ಹಿಮಪಾತವಾಗಿದೆ, ನಾಳೆ ಹಂಪಿಯಲ್ಲೂ ಆಗಬಹುದು

ಸತ್ಯ: ಕಾಫಿ ತೋಟದ ರಸ್ತೆ ಬೆಳ್ಳಗಾಗಿರುವ ವಿಡಿಯೊಗಳು ಬೇಸಿಗೆಯಲ್ಲಿ ಹರಿದಾಡುತ್ತವೆ. ಅವು ಆಲಿಕಲ್ಲಿನ ರಾಶಿ. ಊಟಿ, ಮುನ್ನಾರಿನ ಹುಲ್ಲಿನ ಮೇಲೆ ಜನವರಿಯ ಬೆಳಗಿನಲ್ಲಿ ಕಾಣುವ ಬಿಳುಪು ಹೆಪ್ಪುಗಟ್ಟಿದ ಇಬ್ಬನಿ. ಅದು ಆಕಾಶದಿಂದ ಬಿದ್ದದ್ದಲ್ಲ, ನೆಲದ ಮೇಲೇ ಕಟ್ಟಿದ್ದು. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳಿಂದ ರಸ್ತೆಗೆ ಹಾರಿದ ಬಿಳಿ ರಾಶಿಯನ್ನೂ ಜನ ಹಿಮವೆಂದು ತಮಾಷೆ ಮಾಡಿದ್ದುಂಟು. ಅದು ಕೊಳಚೆ ನೀರಿನ ನೊರೆ.

ಹಿಮ ಹುಟ್ಟುವ ರೀತಿಯೇ ಬೇರೆ. ಮೋಡದಲ್ಲಿನ ನೀರಾವಿ ದ್ರವವಾಗದೆ ನೇರವಾಗಿ ಹರಳುಗಟ್ಟಿ, ಹಗುರವಾಗಿ ಇಳಿಯುತ್ತದೆ. ಅದು ಕರಗದೆ ನೆಲ ಮುಟ್ಟಬೇಕಾದರೆ ಕೆಳಗಿನ ಗಾಳಿಯೂ ಸೊನ್ನೆಯ ಹತ್ತಿರ ಇರಬೇಕು. ಹೊಸಪೇಟೆಯಲ್ಲಿ ಜನವರಿಯ ಬೆಳಗಿನ ಜಾವದಲ್ಲೂ ಉಷ್ಣಾಂಶ ಸಾಮಾನ್ಯವಾಗಿ 10 ಡಿಗ್ರಿಗಿಂತ ಮೇಲೇ ಇರುತ್ತದೆ. ಹಾಗಾಗಿ ಇಲ್ಲಿ ಹಿಮದ ಮಾತೇ ಇಲ್ಲ.

ಆಲಿಕಲ್ಲು ಹಿಮವಲ್ಲ ಎನ್ನುವುದರಲ್ಲಿ ಅನುಮಾನವಿದ್ದರೆ ಮುಂದಿನ ಬೇಸಿಗೆಯಲ್ಲಿ ಮಳೆ, ಗುಡುಗು ಪೂರ್ತಿ ನಿಂತ ಮೇಲೆ ದೊಡ್ಡದೊಂದು ಆಲಿಕಲ್ಲನ್ನು ಆರಿಸಿ, ಚಾಕುವಿನಿಂದ ಎರಡು ಹೋಳು ಮಾಡಿ ನೋಡಿ. ಈರುಳ್ಳಿ ಕೊಯ್ದಂತೆ ಒಳಗೆ ಸುತ್ತು ಸುತ್ತಾಗಿ ಪದರ ಕಾಣುತ್ತದೆ. ಹಾಲಿನ ಬಣ್ಣದ ಪದರ ಗಾಳಿ ಒಳಗೇ ಸಿಕ್ಕಿಬೀಳುವಷ್ಟು ಬೇಗ ಹೆಪ್ಪುಗಟ್ಟಿದ್ದು. ತಿಳಿಯಾದ ಪದರ ಗಾಳಿಗುಳ್ಳೆ ಹೊರಬೀಳುವಷ್ಟು ನಿಧಾನವಾಗಿ ಗಟ್ಟಿಯಾದದ್ದು. ಕಲ್ಲು ಮೋಡದೊಳಗೆ ಎಂಥೆಂಥ ಜಾಗದಲ್ಲಿ ಅಲೆಯಿತೆಂಬುದು ಅಲ್ಲೇ ಬರೆದಿರುತ್ತದೆ.

ತಪ್ಪು ಕಲ್ಪನೆ: ಬಿಸಿಲು ಸೀಮೆಯ ಆಲಿಕಲ್ಲು ಸಣ್ಣದು, ಬೀಳುವಷ್ಟರಲ್ಲಿ ಕರಗಿಹೋಗುತ್ತದೆ

ಸತ್ಯ: ಸಣ್ಣವು ಕರಗುತ್ತವೆ ನಿಜ, ದೊಡ್ಡವಕ್ಕೆ ಕರಗಲು ಪುರುಸೊತ್ತೇ ಸಿಗುವುದಿಲ್ಲ. ಜಗತ್ತಿನಲ್ಲಿ ದಾಖಲಾದ ಅತಿ ಭಾರದ ಆಲಿಕಲ್ಲು ಬಿದ್ದದ್ದು ಯಾವುದೋ ಶೀತದೇಶದಲ್ಲಲ್ಲ. 1986ರ ಏಪ್ರಿಲ್ 14ರಂದು ಬಾಂಗ್ಲಾದೇಶದ ಗೋಪಾಲಗಂಜ್‌ನಲ್ಲಿ ಬಿದ್ದ ಆ ಕಲ್ಲಿನ ತೂಕ 1.02 ಕೆ.ಜಿ. ಅತಿ ಹೆಚ್ಚು ಜೀವ ತೆಗೆದ ಆಲಿಕಲ್ಲು ಮಳೆಯೆಂದು ವಿಶ್ವ ಹವಾಮಾನ ಸಂಸ್ಥೆ ಗುರುತಿಸಿರುವುದು 1888ರ ಏಪ್ರಿಲ್ 30ರಂದು ಉತ್ತರ ಭಾರತದ ಮೊರಾದಾಬಾದ್ ಬಳಿ ಸುರಿದದ್ದನ್ನು. ಸತ್ತವರು 246 ಮಂದಿ. ಎರಡೂ ಏಪ್ರಿಲ್ ತಿಂಗಳಿನವು ಎಂಬುದನ್ನು ಗಮನಿಸಿ. 2014ರ ಫೆಬ್ರುವರಿ ಕೊನೆ ಮತ್ತು ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಜೊತೆಗೆ ನಮ್ಮ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲೂ ಆಲಿಕಲ್ಲು ಬೆಳೆಯನ್ನು ನೆಲಸಮ ಮಾಡಿತ್ತು.

ತಪ್ಪು ಕಲ್ಪನೆ: ಹತ್ತು ನಿಮಿಷದ ಮಳೆಯಿಂದ ಏನಾದೀತು?

ಸತ್ಯ: ಎಷ್ಟು ಬಿತ್ತು ಎನ್ನುವುದಕ್ಕಿಂತ, ಬೀಳುವಾಗ ಜನ ಎಲ್ಲಿದ್ದರು ಎನ್ನುವುದೇ ಮುಖ್ಯ. ಹಿಮದ ಒಂದು ಉದಾಹರಣೆ ನೋಡಿ: ಅಮೆರಿಕದ ಅಟ್ಲಾಂಟಾ ನಗರದಲ್ಲಿ 2014ರ ಜನವರಿ 28, ಮಂಗಳವಾರ, ಎಂದಿನಂತೆ ಕೆಲಸದ ದಿನ. ಬಿದ್ದ ಹಿಮ ಎರಡೂವರೆ ಅಂಗುಲದಷ್ಟು ಮಾತ್ರ. ಆದರೆ ಹಿಮ ಶುರುವಾಗುತ್ತಿದ್ದಂತೆ ಶಾಲೆ, ಕಚೇರಿಗಳನ್ನು ಒಟ್ಟಿಗೇ ಬಿಟ್ಟಿದ್ದರಿಂದ ಊರಿನ ಕಾರುಗಳೆಲ್ಲ ಏಕಕಾಲಕ್ಕೆ ರಸ್ತೆಗಿಳಿದವು. ಚಕ್ರದಡಿ ಕರಗಿದ ಹಿಮ ಮತ್ತೆ ಹೆಪ್ಪುಗಟ್ಟಿ ರಸ್ತೆ ಜಾರುಬಂಡೆಯಾಯಿತು. ಸಾವಿರಾರು ಜನ ರಾತ್ರಿಯಿಡೀ ಹೆದ್ದಾರಿಯಲ್ಲೇ ಕಳೆದರು, ಎಷ್ಟೋ ಮಕ್ಕಳು ಶಾಲೆಯಲ್ಲೇ ಮಲಗಿದರು.

ಹಂಪಿಯಲ್ಲಿ ಇದೇ ಮಾತನ್ನು ಜಾತ್ರೆಗೆ ಅನ್ವಯಿಸಿ ನೋಡಿ. ಡಿಸೆಂಬರ್ ಹೊತ್ತಿನ ಫಲಪೂಜೆಗೆ ಆಲಿಕಲ್ಲಿನ ಭಯವಿಲ್ಲ. ವಿರೂಪಾಕ್ಷನ ದೊಡ್ಡ ತೇರು ಎಳೆಯುವುದು ಚೈತ್ರ ಹುಣ್ಣಿಮೆಯ ಸಂಜೆ, ಅಂದರೆ ಗುಡುಗುಮೋಡದ ತಿಂಗಳಲ್ಲಿ, ಗುಡುಗುಮೋಡದ ಹೊತ್ತಿನಲ್ಲಿ. ರಥಬೀದಿಯ ತುಂಬ ಜನ, ತಲೆಯ ಮೇಲೆ ಸೂರಿಲ್ಲ. ಆಲಿಕಲ್ಲಿಗಿಂತ ಅದರ ಜೊತೆಗೆ ಬರುವ ಸಿಡಿಲು, ನೂಕುನುಗ್ಗಲು ಹೆಚ್ಚು ಅಪಾಯ.

ತಪ್ಪು ಕಲ್ಪನೆ: ಮಳೆ ಬಂದರೆ ಮರದಡಿ ಇಲ್ಲವೇ ಮಂಟಪದೊಳಗೆ ನಿಂತರಾಯಿತು

ಸತ್ಯ: ಮರ ಸಿಡಿಲನ್ನು ಕರೆಯುತ್ತದೆ. ಎಲ್ಲ ಕಡೆ ತೆರೆದಿರುವ ಕಲ್ಲುಮಂಟಪ ಕಲ್ಲೇಟು ತಪ್ಪಿಸೀತು, ಸಿಡಿಲಿನಿಂದ ಕಾಪಾಡದು. ಹಳೆಯ ಕಟ್ಟಡಕ್ಕೆ ಮಳೆಯೇ ಶತ್ರು: 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ದೇವಸ್ಥಾನದ ಮುಂದಿನ ಸಾಲುಮಂಟಪದ ಒಂದು ಭಾಗ ಕುಸಿದುಬಿತ್ತು. ಗುಡುಗು ಕೇಳಿದೊಡನೆ ಮಾತಂಗ ಬೆಟ್ಟದಿಂದ ಇಳಿಯಬೇಕು, ಹರಿಗೋಲು ದಡ ಸೇರಬೇಕು. ಗೋಡೆ ಬಾಗಿಲಿರುವ ಪಕ್ಕಾ ಕಟ್ಟಡ ಅಥವಾ ಗಾಜು ಏರಿಸಿದ ಕಾರು ಸರಿಯಾದ ಆಸರೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಬರಬಾರದು. ಮೊಬೈಲ್‌ನಲ್ಲಿ ಮನಾಲಿ ನೋಡುವ ಬದಲು 'ದಾಮಿನಿ' ಅಥವಾ 'ಸಿಡಿಲು' ಆ್ಯಪ್ ನೋಡುವುದು ಆ ಹೊತ್ತಿಗೆ ಹೆಚ್ಚು ಉಪಯೋಗ.

ತಪ್ಪು ಕಲ್ಪನೆ: ಆಲಿಕಲ್ಲಿನ ನೀರು ಅಪ್ಪಟ, ಅದೇ ಔಷಧಿ

ಸತ್ಯ: ಮಕ್ಕಳು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಾರೆ, ಕೆಲವರು ಸುಟ್ಟ ಗಾಯಕ್ಕೆ ಔಷಧಿಯೆಂದು ಬಾಟಲಿಯಲ್ಲಿ ತುಂಬಿಡುತ್ತಾರೆ. ಕಲ್ಲು ಕಟ್ಟಲು ನಡುವೆ ಒಂದು ಕಣ ಬೇಕು, ಅದು ಎಷ್ಟೋ ಸಲ ದೂಳು. ಆಲಿಕಲ್ಲಿನೊಳಗೆ ಬ್ಯಾಕ್ಟೀರಿಯಾವನ್ನೂ ವಿಜ್ಞಾನಿಗಳು ಕಂಡಿದ್ದಾರೆ. ಸಂಡೂರಿನ ಅದಿರು ಲಾರಿಗಳ ಕೆಂದೂಳು ಹಾರುವ ಸೀಮೆಯಲ್ಲಿ ಅದನ್ನು ಶುದ್ಧ ಎನ್ನುವುದು ಕಷ್ಟ. ಸುಟ್ಟ ಗಾಯಕ್ಕೆ ಬಾಟಲಿಯ ನೀರು ಬೇಡ. ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಹರಿಸಿ, ಆಸ್ಪತ್ರೆಗೆ ಹೋಗಿ.

ತಪ್ಪು ಕಲ್ಪನೆ: ಆಲಿಕಲ್ಲು ಬಿದ್ದ ವರ್ಷ ಮುಂಗಾರು ಭರ್ತಿ

ಸತ್ಯ: ಆಲಿಕಲ್ಲಿನ ಮೋಡ ಕೆಲವೇ ಕಿಲೋಮೀಟರ್ ಅಗಲದ್ದು. ಕಂಪ್ಲಿಯಲ್ಲಿ ಹೊಡೆದದ್ದು ಕಮಲಾಪುರದಲ್ಲಿ ಗೊತ್ತೇ ಆಗದಿರಬಹುದು. ಮುಂಗಾರು ಸಮುದ್ರದಿಂದ ಇಡೀ ದೇಶಕ್ಕೆ ಬೀಸುವ ಗಾಳಿ. ಒಂದನ್ನು ನೋಡಿ ಇನ್ನೊಂದರ ಭವಿಷ್ಯ ಹೇಳಲಾಗದು.

ತಪ್ಪು ಕಲ್ಪನೆ: ಇದು ದೇವರ ಆಟ, ಪರಿಹಾರ ಸಿಗದು

ಸತ್ಯ: ತುಂಗಭದ್ರೆಯ ನೀರಿದ್ದ ವರ್ಷ ಎರಡನೇ ಬೆಳೆ ಭತ್ತ ಕೊಯ್ಲಿಗೆ ಬರುವುದು ಏಪ್ರಿಲ್–ಮೇ ಹೊತ್ತಿಗೆ. ಆಲಿಕಲ್ಲಿಗೆ ಕಾಳು ಉದುರುತ್ತದೆ, ಬಾಳೆ ಎಲೆ ಹರಿದು ಗೊನೆಗೆ ಪೆಟ್ಟಾಗುತ್ತದೆ. ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಆಲಿಕಲ್ಲು ಮಳೆಯೂ ಇದೆ. ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾದರೆ ಅರ್ಜಿಗೆ ಅವಕಾಶ. ಅಧಿಸೂಚಿತ ಬೆಳೆಗೆ ಫಸಲ್ ಬಿಮಾ ಮಾಡಿಸಿದ್ದರೆ ಇದನ್ನು ಸ್ಥಳೀಯ ವಿಪತ್ತು ಎಂದು ಪರಿಗಣಿಸುತ್ತಾರೆ, ಆದರೆ 72 ಗಂಟೆಯೊಳಗೆ ವಿಮಾ ಕಂಪನಿಗೋ ಬ್ಯಾಂಕಿಗೋ ಕೃಷಿ ಇಲಾಖೆಗೋ ತಿಳಿಸಲೇಬೇಕು. ಗುಡುಗು ಪೂರ್ತಿ ನಿಂತು ಹೊಲಕ್ಕೆ ಕಾಲಿಟ್ಟ ಕೂಡಲೇ, ಗದ್ದೆಯಲ್ಲಿ ಕಲ್ಲು ಉಳಿದಿದ್ದರೆ ಅದರ ಸಮೇತ, ಬೆಳೆಯ ಫೋಟೊ ತೆಗೆದುಕೊಳ್ಳಿ. ಬೇಸಿಗೆಯ ನೆಲದ ಮೇಲೆ ಆ ಸಾಕ್ಷಿ ಹೆಚ್ಚು ಹೊತ್ತು ಉಳಿಯುವುದಿಲ್ಲ.